ಕಾರಣದ ಕಾಲಮ್ಮಿಗೆ ಏನು ಬರೆಯುವುದು?

ಬೇರೆ ಸಾವಿನ ಮನೆಗೆ ಹೋದವರು ‘ಹೇಗಾಯ್ತು?’ ಅಂತ ಕೇಳುತ್ತಾರೆ. ನಮ್ಮ ಮನೆಗೆ ಬಂದವರು ಕೇಳಿದ್ದು ‘ಯಾಕಂತೆ?’ ಅಂತ. ತಿಥಿ ಮುಗಿಯುವವರೆಗೂ ಚಾಪೆಯ ಮೇಲೆ ಕೂತವರ ಮಧ್ಯೆ ಅದೇ ಮಾತು. ನನ್ನ ತಮ್ಮನಿಗೆ ಆಗ ಮೂವತ್ತಾರು. ಹಾಸನ ಜಿಲ್ಲೆಯ ನಮ್ಮೂರಲ್ಲಿ ಅಪ್ಪನ ತೋಟ ನೋಡಿಕೊಂಡು, ಹೆಂಡತಿ ಮಗಳ ಜೊತೆ ಇದ್ದ.

ಅಸಹಜ ಸಾವು ಅಂದಮೇಲೆ ಠಾಣೆಯಲ್ಲಿ ಯುಡಿಆರ್ ಅನ್ನುವ ವರದಿ ದಾಖಲಾಗಬೇಕು, ಪಂಚನಾಮೆ, ಪೋಸ್ಟ್‌ಮಾರ್ಟಂ ಆಗಬೇಕು. ದೂರು ಕೊಡಲು ನನ್ನನ್ನು ಕೂರಿಸಿದರು. ರೈಟರ್ ಒಳ್ಳೆಯ ಮನುಷ್ಯ. ಕುಡಿಯಲು ನೀರು ಕೊಟ್ಟು, ತಾನೇ ಬಾಯಲ್ಲಿ ಹೇಳಿಕೊಳ್ಳುತ್ತಾ ಬರೆದ: ‘ಸಾಲಬಾಧೆಯಿಂದ ಜೀವನದಲ್ಲಿ ಜಿಗುಪ್ಸೆಗೊಂಡು...’ ಸಾಲ ಇದ್ದದ್ದು ನಿಜ, ಸೊಸೈಟಿಯಲ್ಲಿ. ಸೊಸೈಟಿ ಸಾಲವಿಲ್ಲದ ಮನೆ ನಮ್ಮೂರಲ್ಲಿ ಯಾವುದಿದೆ? ಖಿನ್ನತೆಗೆ ಮಾತ್ರೆ ತಗೊಳ್ತಿದ್ದ, ಅದನ್ನೂ ಬರೀರಿ ಅಂದೆ. ‘ಕಾರಣ ಒಂದೇ ಇರಲಿ ಮೇಡಂ’ ಅಂದ. ದೊಡ್ಡಪ್ಪ ಕಿವಿಯ ಹತ್ತಿರ ಬಂದು, ‘ಸಾಲ ಅಂತಲೇ ಇರಲಿ, ರೈತರಿಗೆ ಸರ್ಕಾರದಿಂದ ಐದು ಲಕ್ಷ ಪರಿಹಾರ ಬರುತ್ತೆ’ ಅಂದರು. ಅವರನ್ನು ಬೈಯಲಾರೆ. ಆ ಹೊತ್ತಿನಲ್ಲಿ ಮಗುವಿನ ಸ್ಕೂಲ್ ಫೀಸಿನ ಬಗ್ಗೆ ಯೋಚಿಸಿದವರು ಅವರೊಬ್ಬರೇ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ರಲ್ಲಿ ದೇಶದಾದ್ಯಂತ 1,70,924 ಆತ್ಮಹತ್ಯೆಗಳನ್ನು ಲೆಕ್ಕಕ್ಕೆ ಹಿಡಿದಿದೆ. ಕೌಟುಂಬಿಕ ಸಮಸ್ಯೆ ಶೇ. 31.7, ಅನಾರೋಗ್ಯ ಶೇ. 18.4, ಹೀಗೆ ಕಾರಣಗಳ ಪಟ್ಟಿ ಸಾಗುತ್ತದೆ. ಅದನ್ನು ನೋಡಿದಾಗೆಲ್ಲ ನನಗೆ ಆ ಠಾಣೆಯ ಮೇಜು ನೆನಪಾಗುತ್ತದೆ. ಎಷ್ಟು ಮನೆಗಳವರು ಹಾಗೆ ಕೂತು ಒಂದೇ ಒಂದು ಕಾರಣಕ್ಕೆ ತಲೆಯಾಡಿಸಿ ಬಂದಿದ್ದಾರೋ.

ಊರಿಗೆ ಸಾಲದ ಕತೆ ಹೆಚ್ಚು ದಿನ ರುಚಿಸಲಿಲ್ಲ. ಅವನು ಸಾಯುವ ಮುಂಚಿನ ಶನಿವಾರ ಸಂಜೆಯಷ್ಟೇ ಡ್ರಿಪ್ ಪೈಪಿನ ಹುಡುಗನಿಗೆ ‘ಸೋಮವಾರ ಬಾ, ಮೇಲಿನ ತಾಕಿಗೆ ಎಳೆದುಬಿಡೋಣ’ ಅಂದಿದ್ದ. ಸಾಯೋನು ಹಾಗನ್ನುತ್ತಾನಾ? ಅಂದರೆ ಭಾನುವಾರ ಮನೆಯಲ್ಲಿ ಏನೋ ಆಗಿರಬೇಕು ಅಂತ ಲೆಕ್ಕ ಹಾಕಿದರು. ಎಲ್ಲರ ಕಣ್ಣೂ ತಮ್ಮನ ಹೆಂಡತಿಯ ಮೇಲೆ ಬಿತ್ತು. ನೀರು ತರಲು ಹೊರಗೆ ಬಂದರೂ ಪಿಸುಮಾತು. ಗಂಡ ಸತ್ತ ದುಃಖಕ್ಕಿಂತ ಈ ಪಿಸುಮಾತೇ ಅವಳನ್ನು ಹೆಚ್ಚು ಹಣ್ಣು ಮಾಡಿತು.

ಪೈಪಿನ ಈ ಮಾತು ನನ್ನನ್ನೂ ಬಿಟ್ಟಿರಲಿಲ್ಲ. ನಿದ್ದೆ ಬಾರದೆ ನಾನೇ ಮನೋವೈದ್ಯರ ಹತ್ತಿರ ಹೋದಾಗ ಮೊದಲು ಕೇಳಿದ್ದು ಅದನ್ನೇ. ಪೈಪು ಹಾಕಿಸಬೇಕು ಅನ್ನುವ ಆಸೆ ಸುಳ್ಳಲ್ಲ, ಈ ನೋವು ಮುಗಿದರೆ ಸಾಕು ಅನ್ನುವುದೂ ಸುಳ್ಳಲ್ಲ, ಎರಡೂ ಒಂದೇ ತಲೆಯಲ್ಲಿ ಒಟ್ಟಿಗೆ ಇರುತ್ತವೆ ಅಂದರು. ಖಿನ್ನತೆ ತೀವ್ರವಾದಾಗ ಮನಸ್ಸು ಕಿರಿದಾಗುತ್ತದೆ, ಬೇರೆ ದಾರಿ ಇದ್ದರೂ ಕಾಣುವುದಿಲ್ಲ. ಆ ಗಳಿಗೆ ದಾಟಿದರೆ ಎಷ್ಟೋ ಜನ ಬದುಕುತ್ತಾರೆ. ಪ್ರಯತ್ನಿಸಿ ಉಳಿದವರಲ್ಲಿ ಹೆಚ್ಚಿನವರು ಮುಂದೆ ಹಾಗೆ ಸಾಯುವುದಿಲ್ಲ. ಕೊನೆಗೆ ನಡೆದ ಜಗಳವೋ, ಬ್ಯಾಂಕಿನ ಫೋನೋ ಕೊನೆಯದು ಅಷ್ಟೇ, ಕಾರಣವಲ್ಲ. ಹಿಂದೆ ಕಾಯಿಲೆ, ನಿದ್ದೆಗೇಡು, ಕುಡಿತ, ಮನೆತನದ ಇತಿಹಾಸ, ಕೈಗೆ ಏನು ಸುಲಭವಾಗಿ ಸಿಗುತ್ತದೆ ಅನ್ನುವುದು, ಎಲ್ಲ ಸೇರಿರುತ್ತವೆ. ನನ್ನ ತಮ್ಮ ‘ಹುಷಾರಾದೆನಲ್ಲ’ ಅಂತ ಮಾತ್ರೆ ನಿಲ್ಲಿಸಿದ್ದ. ಹುಷಾರಾದ ಮೇಲೂ ಕೆಲವು ತಿಂಗಳು ನುಂಗಲೇಬೇಕು, ಡಾಕ್ಟರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ಆದರೆ ನಮ್ಮ ಕಡೆ ಮದುವೆ ಮನೆಯಲ್ಲಿ ಯಾರಾದರೂ ಒಬ್ಬರು ‘ಎಷ್ಟು ದಿನ ಅಂತ ನಿದ್ದೆಮಾತ್ರೆ ನುಂಗ್ತೀಯೋ’ ಅನ್ನದೇ ಇರುವುದಿಲ್ಲ. ಅದು ನಿದ್ದೆಮಾತ್ರೆ ಆಗಿರುವುದೂ ಇಲ್ಲ.

ಸಾಯಬೇಕು ಅನ್ನಿಸ್ತಿದೆಯಾ ಅಂತ ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅಂತ ನಂಬಿಕೊಂಡಿದ್ದೇವೆ. ಹಾಗಾಗುವುದಿಲ್ಲ, ಕೇಳಿದರೆ ಎಷ್ಟೋ ಜನ ಬಾಯಿಬಿಡುತ್ತಾರೆ. ಈಗ ನಾನು ಕೇಳುತ್ತೇನೆ. ಎದುರಿನವರಿಗೆ ಮುಜುಗರ ಆದರೆ ಆಗಲಿ. ಆತ್ಮಹತ್ಯೆಗೆ ಪ್ರಯತ್ನಿಸಿದವರನ್ನು ಆಸ್ಪತ್ರೆಗೆ ಕರೆದೊಯ್ದರೆ ಕೇಸ್ ಆಗುತ್ತೆ ಅಂತ ಹೆದರಿ ಮನೆಯಲ್ಲೇ ಇಟ್ಟುಕೊಳ್ಳುವವರು ಇನ್ನೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರು ಅಂತಲೇ ಪರಿಗಣಿಸುತ್ತದೆ, ಶಿಕ್ಷಿಸುವುದಿಲ್ಲ. ಆತ್ಮಹತ್ಯೆ ಯತ್ನವನ್ನು ಅಪರಾಧ ಅನ್ನುತ್ತಿದ್ದ ಹಳೆಯ 309ನೇ ಕಲಂ 2024ರ ಜುಲೈನಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಇಲ್ಲವೇ ಇಲ್ಲ. ಎಲ್‌ಐಸಿ ದುಡ್ಡು ಬರಲ್ಲ ಅನ್ನುವುದೂ ಅರ್ಧ ಸತ್ಯ. ಪಾಲಿಸಿ ಮಾಡಿಸಿದ ಅಥವಾ ನಿಂತದ್ದನ್ನು ಮತ್ತೆ ಚಾಲೂ ಮಾಡಿಸಿದ ಮೊದಲ ವರ್ಷಕ್ಕೆ ಮಾತ್ರ ಆ ಷರತ್ತು. ತಮ್ಮನ ಹೆಂಡತಿಗೆ ಅದನ್ನು ಹೇಳಿ, ಫಾರಂ ತುಂಬಿ, ಜೊತೆಗೆ ಓಡಾಡಿದ್ದು ಪಕ್ಕದ ಮನೆಯ ಟೈಲರ್. ಸಾಂತ್ವನದ ಮಾತು ಅವನ ಬಾಯಿಂದ ಒಂದೂ ಬರಲಿಲ್ಲ.

ಪುರೋಹಿತರು ದುರ್ಮರಣ ಅಂದರು, ನಾರಾಯಣ ಬಲಿ ಆಗಬೇಕು ಅಂದರು. ನನಗೆ ಅದರಲ್ಲಿ ನಂಬಿಕೆಯಿಲ್ಲ. ಅಮ್ಮನಿಗಿತ್ತು, ಶ್ರೀರಂಗಪಟ್ಟಣದಲ್ಲಿ ಮಾಡಿಸಿದೆವು. ಅಮ್ಮ ಆ ರಾತ್ರಿ ನಿದ್ದೆ ಮಾಡಿದಳು. ನನಗೆ ಬಾರದ ರಾತ್ರಿಗಳಲ್ಲಿ 14416ಕ್ಕೆ ಫೋನ್ ಮಾಡಿದ್ದುಂಟು. ಟೆಲಿ ಮಾನಸ್, 2022ರಲ್ಲಿ ಶುರುವಾದದ್ದು, ದಿನದ ಯಾವ ಹೊತ್ತಿಗೆ ಮಾಡಿದರೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಸಾಯಬೇಕು ಅನ್ನಿಸಿದವರಿಗೆ ಮಾತ್ರ ಅಂದುಕೊಂಡಿದ್ದೆ. ಉಳಿದವರೂ ಮಾಡಬಹುದು.

ತಮ್ಮನ ಮಗಳಿಗೆ ಹಾರ್ಟ್ ಅಟ್ಯಾಕ್ ಅಂತ ಹೇಳಿ ಅಂತ ಎಲ್ಲರೂ ಒತ್ತಾಯಿಸಿದರು. ಒಪ್ಪದವಳು ಅವಳ ತಾಯಿ. ಇವತ್ತಲ್ಲ ನಾಳೆ ಸ್ಕೂಲ್ ವ್ಯಾನಿನಲ್ಲಿ ಯಾರೋ ಹೇಳುತ್ತಾರೆ, ಆಮೇಲೆ ನನ್ನ ಯಾವ ಮಾತನ್ನೂ ಅವಳು ನಂಬಲ್ಲ ಅಂದಳು. ಅಪ್ಪನಿಗೆ ಮನಸ್ಸಿನ ಕಾಯಿಲೆ ಇತ್ತು, ಅದು ತುಂಬಾ ಜೋರಾಗಿ ಅವರೇ ಜೀವ ಕಳೆದುಕೊಂಡರು, ನೀನು ಏನೂ ತಪ್ಪು ಮಾಡಿಲ್ಲ ಅಂತ ಇಬ್ಬರೂ ಕೂತು ಹೇಳಿದೆವು. ಅವಳು ಹೋಂವರ್ಕ್ ಮುಂದುವರಿಸಿದಳು. ಮೊನ್ನೆ ಜಡೆ ಹಾಕುವಾಗ ಕೇಳಿದಳು, ‘ಅತ್ತೆ, ಆ ಕಾಯಿಲೆ ನಂಗೂ ಬರುತ್ತಾ?’

ಬರುತ್ತೆ ಅಂತೇನಿಲ್ಲ, ಬಂದರೆ ನಮಗೆ ಹೇಳು, ಡಾಕ್ಟರ್ ಹತ್ತಿರ ಹೋಗೋಣ ಅಂದೆ.

‘ಇಂಜೆಕ್ಷನ್ ಕೊಡಲ್ಲ ತಾನೆ?’

ಇಲ್ಲ ಅಂದೆ. ಮೊದಲು ಕೂರಿಸಿಕೊಂಡು ಮಾತಾಡಿಸುತ್ತಾರೆ, ಬೇಕಾದರೆ ಮಾತ್ರೆ ಕೊಡುತ್ತಾರೆ ಅಂದೆ. ಹಾಗಾದರೆ ಸರಿ ಅಂದು ರಿಬ್ಬನ್ ಕೈಗೆ ಕೊಟ್ಟಳು.