ಆ ನಂಬರು ಯಾರ ಕೈಯಲ್ಲಿದೆ?

ಹುಬ್ಬಳ್ಳಿ ಕೇಶ್ವಾಪುರದ ನಮ್ಮ ಓಣಿಯ ಅಜ್ಜಾರು ಕರೆಂಟ್ ಬಿಲ್ಲಿನ ಚೀಟಿಗಳನ್ನು ಇಂದಿಗೂ ತಂತಿಗೆ ಪೋಣಿಸಿ ಇಡುತ್ತಾರೆ. ಮೊನ್ನೆ ತೆಗೆದು ನೋಡಿದರೆ ಹಳೇ ಚೀಟಿಗಳ ಅಕ್ಷರವೆಲ್ಲ ಅಳಿಸಿ ಬರೀ ಬಿಳಿ ಕಾಗದ! ಕಾಗದವನ್ನೇ ನೆಚ್ಚಿ ಕೂರುವಂತಿಲ್ಲ; ಸರ್ಕಾರದ ಸುದ್ದಿಯೂ ಈಗ ಹೆಚ್ಚಾಗಿ ಮೊಬೈಲಿಗೇ ಬರುತ್ತದೆ. ಕೇಂದ್ರದ ರಾಜಪತ್ರವೇ 2015ರ ಅಕ್ಟೋಬರ್‌ನಿಂದ ಅಚ್ಚು ಬಿಟ್ಟು ಅಂತರ್ಜಾಲಕ್ಕೆ ಹೋಗಿದೆ. ಅದಕ್ಕೇ ಹೇಳುತ್ತೇನೆ, ಕರೆಂಟ್ ಕೊಡುವ ಹೆಸ್ಕಾಂ, ಪಾಲಿಕೆ, ಆಧಾರ್‌ನಲ್ಲಿ ಬರೆಸಿದ ಮೊಬೈಲ್ ನಂಬರು ಈಗಲೂ ನಿಮ್ಮ ಕೈಯಲ್ಲೇ ಇದೆಯೇ, ಒಮ್ಮೆ ನೋಡಿಕೊಳ್ಳಿ. ಪರವೂರಿನಲ್ಲಿರುವ ಮಗನದಾಗಿದ್ದರೆ ಬದಲಿಸಿ. ‘ಇಂದು ರಾತ್ರಿ ಕರೆಂಟ್ ಕಟ್’ ಎಂದು ಗುರುತಿಲ್ಲದ ನಂಬರಿನಿಂದ ಬಂದ ಲಿಂಕ್ ಒತ್ತಬೇಡಿ. ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಕೇಳಿ. ದುಡ್ಡು ಹೋಯಿತೆಂದರೆ ನಾಚದೆ, ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ತಿಳಿಸಿ. ಓದಲಾಗದ ಹಿರಿಯರು ಪಕ್ಕದ ಮನೆಯಲ್ಲಿದ್ದರೆ ವಾರಕ್ಕೊಮ್ಮೆ ಕಟ್ಟೆಯ ಮೇಲೆ ಕೂತು ಅವರ ಮೆಸೇಜು ಓದಿ ಹೇಳಿ.