ನಮ್ಮ ತಾರಸಿಯ ಸ್ಟ್ರಾಬೆರಿ: ಹಣ್ಣು ಸೊಟ್ಟಗಾಗುವುದೇಕೆ?

2023ರ ಅಕ್ಟೋಬರ್‌ನಲ್ಲಿ, ಪ್ರಥಮ ಪಿಯುಸಿಯಲ್ಲಿದ್ದಾಗ, ನಾನು ಆರು ಸ್ಟ್ರಾಬೆರಿ ಸಸಿಗಳನ್ನು ಮನೆಗೆ ತಂದೆ. ಈದ್‌ಗೆ ಸಿಕ್ಕ ಹಣವನ್ನು ಕೂಡಿಟ್ಟಿದ್ದೆ. ಅದರಲ್ಲಿ ಮುಕ್ಕಾಲು ಪಾಲು ಸಸಿಗಳಿಗೂ ಕುಂಡಗಳಿಗೂ ಹೋಯಿತು. ನಮ್ಮ ಮನೆ ಮಾಮೂಲ್‌ಪೇಟೆಯಲ್ಲಿದೆ. ಕೆಳಗೆ ಅಂಗಡಿ, ಮೇಲೆ ನಾವು, ಅದರ ಮೇಲೆ ನೀರಿನ ಟ್ಯಾಂಕ್ ಇರುವ ಪುಟ್ಟ ತಾರಸಿ. ನಮ್ಮ ಬೀದಿಯಲ್ಲಿ ಕೈಗಾಡಿ ನಿಂತರೆ ಆಟೊ ಹೋಗುವುದಿಲ್ಲ. ಗಿಡ ಮರ ನೋಡಬೇಕಾದರೆ ಲಾಲ್‌ಬಾಗಿಗೆ ಹೋಗಬೇಕು. ಇಂಥ ಕಡೆ ಸ್ಟ್ರಾಬೆರಿ ಬೆಳೆಯುತ್ತೇನೆ ಎಂದಾಗ ಅಬ್ಬಾ ನಕ್ಕರು. "ಅದು ಮಹಾಬಲೇಶ್ವರದ ಬೆಳೆ, ಬೇಟಾ. ನಮ್ಮ ತಾರಸಿಯದಲ್ಲ" ಎಂದರು.

ಅಬ್ಬಾ ಹೇಳಿದ್ದು ಅರ್ಧ ಸರಿ. ಮಹಾರಾಷ್ಟ್ರದ ಮಹಾಬಲೇಶ್ವರ ಸಮುದ್ರಮಟ್ಟದಿಂದ ಸುಮಾರು 1,300 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಸ್ಟ್ರಾಬೆರಿಗೆ 2010ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿದೆ. ಆದರೆ ನಮ್ಮ ಬೆಂಗಳೂರು ಕೂಡ ಸುಮಾರು 900 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಇಲ್ಲಿನ ಉಷ್ಣತೆ 15, 16 ಡಿಗ್ರಿಗೆ ಇಳಿಯುತ್ತದೆ. ನಮ್ಮಲ್ಲಿ ಸಿಗುವ ಸ್ವೀಟ್ ಚಾರ್ಲಿ, ಕಮರೋಸಾದಂಥ ತಳಿಗಳು ಹಗಲು ಚಿಕ್ಕದಾಗಿ ರಾತ್ರಿ ತಂಪಾದಾಗ ಮೊಗ್ಗು ಕಟ್ಟುತ್ತವೆ. ಬೆಂಗಳೂರಿನಲ್ಲಿ ಡಿಸೆಂಬರ್ ಕೊನೆಯ ಹಗಲು ಸುಮಾರು 11 ಗಂಟೆ 20 ನಿಮಿಷದ್ದು, ಜೂನ್‌ನಲ್ಲಿ ಅದು 13 ಗಂಟೆಗೆ ಹತ್ತಿರ. ಆದ್ದರಿಂದ ಅಕ್ಟೋಬರ್‌ನಲ್ಲಿ ನೆಟ್ಟರೆ ಗಿಡ ಬೇರು ಬಿಡುವಷ್ಟರಲ್ಲಿ ಹೂವಿನ ಕಾಲ ಬರುತ್ತದೆ. ಚಳಿಗಾಲ ನಮ್ಮ ಪರವಾಗಿದೆ. ಕಷ್ಟವೆಲ್ಲ ಬೇಸಿಗೆಯದು.

ನೆಟ್ಟ ಬಗೆ

ಸ್ಟ್ರಾಬೆರಿಯ ಬೇರು ಆಳಕ್ಕೆ ಇಳಿಯುವುದಿಲ್ಲ. ಎಂಟು ಇಂಚು ಆಳದ, ಬಾಯಿ ಅಗಲವಾದ, ತಳದಲ್ಲಿ ತೂತಿರುವ ಕುಂಡ ಸಾಕು. ಕೆಂಪು ಮಣ್ಣು, ಎರೆಹುಳು ಗೊಬ್ಬರ, ಕೊಕೊಪೀಟ್ ಮೂರನ್ನೂ ಸಮಪಾಲು ಬೆರೆಸಿದೆ. ಈ ಗಿಡಕ್ಕೆ ಸ್ವಲ್ಪ ಆಮ್ಲೀಯ ಮಣ್ಣು ಇಷ್ಟ. ಪಿಎಚ್ 5.5ರಿಂದ 6.5ರ ನಡುವೆ ಇದ್ದರೆ ಒಳ್ಳೆಯದು.

ನೆಡುವಾಗ ಒಂದು ವಿಷಯದಲ್ಲಿ ಎಚ್ಚರ ಬೇಕು. ಎಲೆಗಳು ಹೊರಡುವ ಗಿಡ್ಡ ದಪ್ಪ ಕಾಂಡಕ್ಕೆ ಕ್ರೌನ್ ಎನ್ನುತ್ತಾರೆ. ಅದು ಮಣ್ಣಿನ ಮಟ್ಟಕ್ಕೆ ಸರಿಯಾಗಿ ಇರಬೇಕು. ಹೂತುಹೋದರೆ ಕೊಳೆಯುತ್ತದೆ, ತೀರ ಮೇಲಿದ್ದರೆ ಬೇರು ಒಣಗುತ್ತದೆ. ನನ್ನ ಆರರಲ್ಲಿ ಒಂದನ್ನು ಆಳವಾಗಿ ನೆಟ್ಟೆ. ಹತ್ತೇ ದಿನದಲ್ಲಿ ಅದರ ನಡುಭಾಗ ಕಪ್ಪಾಗಿ ಸತ್ತಿತು. ಉಳಿದದ್ದು ಐದು.

ಗಿಡಕ್ಕೆ ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ನೀರನ್ನು ಬೆಳಿಗ್ಗೆ ಬುಡಕ್ಕೆ ಹಾಕಬೇಕು, ಎಲೆಯ ಮೇಲಲ್ಲ. ಹಣ್ಣು ಒದ್ದೆ ಮಣ್ಣಿಗೆ ತಾಗಿದರೆ ಬೂಸ್ಟು ಹಿಡಿಯುತ್ತದೆ. ಅದಕ್ಕೆ ಬುಡದ ಸುತ್ತ ಒಣಹುಲ್ಲು ಹಾಸಬೇಕು. ನಮ್ಮ ಬೀದಿಯ ಅಂಗಡಿಯೊಂದರಲ್ಲಿ ಗಾಜಿನ ಸಾಮಾನಿನ ಪೆಟ್ಟಿಗೆಯೊಳಗೆ ಬಂದಿದ್ದ ಒಣಹುಲ್ಲನ್ನೇ ಕೇಳಿ ತಂದೆ. ಮೂರು ವಾರಕ್ಕೊಮ್ಮೆ ಒಂದೊಂದು ಹಿಡಿ ಎರೆಹುಳು ಗೊಬ್ಬರ ಹಾಕಿದೆ. ಸಾರಜನಕ ಹೆಚ್ಚಾದರೆ ಎಲೆ ಸೊಂಪಾಗಿ ಬರುತ್ತದೆಯೇ ಹೊರತು ಹಣ್ಣು ಬರುವುದಿಲ್ಲ.

ಸೊಟ್ಟ ಹಣ್ಣುಗಳು

ಡಿಸೆಂಬರ್ ಮೊದಲ ವಾರದಲ್ಲಿ ಹೂ ಬಿಟ್ಟವು. ಹೂವು ಹಣ್ಣಾಗಲು ಸುಮಾರು ನಾಲ್ಕು ವಾರ ಬೇಕು. ಹೊಸ ವರ್ಷದ ಹೊತ್ತಿಗೆ ಮೊದಲ ಹಣ್ಣುಗಳು ಕೆಂಪಾದವು, ಆದರೆ ಒಂದೂ ಚಿತ್ರದಲ್ಲಿ ಕಾಣುವಂತೆ ಇರಲಿಲ್ಲ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು. ದಾದಿ ಒಂದನ್ನು ಕೈಯಲ್ಲಿ ಹಿಡಿದು "ಪಾಪ, ಇದಕ್ಕೆ ಗೂನು" ಎಂದರು. ಅಬ್ಬಾ ಏನೂ ಹೇಳಲಿಲ್ಲ. ಹೇಳಿದ್ದರೆ ಅಷ್ಟು ಬೇಸರವಾಗುತ್ತಿರಲಿಲ್ಲ.

ರೋಗ ಬಂದಿದೆ ಎಂದು ತಿಳಿದು ನಾಲ್ಕು ಹಣ್ಣುಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಕಾಲೇಜಿಗೆ ತಂದೆ. ನಮ್ಮ ಜೀವಶಾಸ್ತ್ರದ ಮೇಡಂ ಔಷಧಿಯ ಹೆಸರು ಹೇಳುತ್ತಾರೆಂದು ಕಾದೆ. ಅವರು ಭೂತಗನ್ನಡಿ ಕೈಗೆ ಕೊಟ್ಟು, "ಉಬ್ಬಿದ ಕಡೆಯ ಬೀಜ ನೋಡು, ತಗ್ಗಿನ ಕಡೆಯ ಬೀಜ ನೋಡು. ವ್ಯತ್ಯಾಸ ಬರೆದುಕೊಂಡು ಬಾ" ಎಂದರು.

ವ್ಯತ್ಯಾಸ ಸ್ಪಷ್ಟವಾಗಿತ್ತು. ಉಬ್ಬಿದ ಕಡೆ ಬೀಜಗಳು ದಪ್ಪಗಿದ್ದು ದೂರ ದೂರ ಇದ್ದವು. ತಗ್ಗಿನ ಕಡೆ ಅವು ಪುಡಿಯಂತೆ ಸಣ್ಣಗಿದ್ದು ಒತ್ತಾಗಿ ಕೂತಿದ್ದವು.

ಇಲ್ಲಿ ಪಾಠಕ್ಕೆ ಬರೋಣ. ದ್ವಿತೀಯ ಪಿಯುಸಿ ಪುಸ್ತಕದಲ್ಲಿ ಸೇಬು, ಸ್ಟ್ರಾಬೆರಿ, ಗೇರು ಇವುಗಳನ್ನು ಹುಸಿ ಹಣ್ಣುಗಳೆಂದು ಓದುತ್ತೇವೆ. ಮಾವಿನಲ್ಲಿ ನಾವು ತಿನ್ನುವ ಭಾಗ ಅಂಡಾಶಯದಿಂದ ಆಗಿದ್ದು. ಸ್ಟ್ರಾಬೆರಿಯಲ್ಲಿ ನಾವು ತಿನ್ನುವ ಕೆಂಪು ತಿರುಳು ಹೂವಿನ ಪುಷ್ಪಪೀಠ, ಅಂದರೆ ಥಲಾಮಸ್. ಮೇಲೆ ಅಂಟಿಕೊಂಡಿರುವ, ನಾವು ಬೀಜ ಎನ್ನುವ ಕಾಳುಗಳೇ ಅದರ ನಿಜವಾದ ಹಣ್ಣುಗಳು. ಅವುಗಳ ಹೆಸರು ಅಕೀನ್. ಒಂದೊಂದು ಅಕೀನ್ ಒಳಗೂ ಒಂದೊಂದು ಬೀಜ. ಒಂದು ಹೂವಿನ ನಡುವೆ ನೂರಕ್ಕೂ ಹೆಚ್ಚು ಅಂಡಾಶಯಗಳಿರಬಹುದು. ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಪರಾಗ ತಲುಪಬೇಕು.

ಪರಾಗ ತಲುಪದಿದ್ದರೆ ಏನಾಗುತ್ತದೆ? ಇದಕ್ಕೆ 1950ರಲ್ಲಿ ಜೆ. ಪಿ. ನಿಚ್ ಎಂಬ ಸಸ್ಯಶಾಸ್ತ್ರಜ್ಞ ಪ್ರಯೋಗದಿಂದ ಉತ್ತರ ಕೊಟ್ಟರು. ಎಳೆಯ ಸ್ಟ್ರಾಬೆರಿಯಿಂದ ಅಕೀನ್‌ಗಳನ್ನೆಲ್ಲ ಕಿತ್ತರೆ ತಿರುಳು ಬೆಳೆಯುವುದು ನಿಂತಿತು. ಕೆಲವನ್ನು ಮಾತ್ರ ಬಿಟ್ಟರೆ ಅವುಗಳ ಸುತ್ತ ಮಾತ್ರ ಬೆಳೆಯಿತು. ಕಿತ್ತ ಜಾಗಕ್ಕೆ ಆಕ್ಸಿನ್ ಹಾರ್ಮೋನು ಸವರಿದರೆ ತಿರುಳು ಮತ್ತೆ ಬೆಳೆಯಿತು. ಅಂದರೆ ಫಲಿತವಾದ ಪ್ರತಿಯೊಂದು ಅಕೀನ್ ಆಕ್ಸಿನ್ ಕಳಿಸಿ ತನ್ನ ಕೆಳಗಿನ ತಿರುಳನ್ನು ತಾನೇ ಬೆಳೆಸುತ್ತದೆ. ಪಕ್ಕದ್ದರ ಕೆಲಸವನ್ನು ಅದು ಮಾಡುವುದಿಲ್ಲ.

ನನ್ನ ಹಣ್ಣಿಗೆ ರೋಗವಿರಲಿಲ್ಲ. ತಗ್ಗು ಇದ್ದ ಕಡೆಗೆ ಪರಾಗ ತಲುಪಿರಲಿಲ್ಲ, ಅಷ್ಟೆ. ಈ ಹೂವಿನಲ್ಲಿ ಗಂಡು ಹೆಣ್ಣು ಭಾಗಗಳೆರಡೂ ಇವೆ, ಗಾಳಿಗೂ ಸ್ವಲ್ಪ ಪರಾಗ ಬೀಳುತ್ತದೆ. ಆದರೆ ಸುತ್ತಲೂ ಸಮವಾಗಿ ಹರಡುವುದು ಜೇನುನೊಣದ ಕೆಲಸ. ನಮ್ಮ ತಾರಸಿಯಲ್ಲಿ ಆ ಒಂದು ತಿಂಗಳಲ್ಲಿ ನಾನು ಜೇನುನೊಣ ಕಂಡದ್ದು ಎರಡೇ ಸಲ.

ದಾದಿ ಕೆಡಿಸಿದ ಪ್ರಯೋಗ

ಕಾರಣ ತಿಳಿದರೆ ಸಾಲದು, ಪರೀಕ್ಷಿಸಬೇಕು ಎಂದು ಮೇಡಂ ಹೇಳಿದರು. ಜನವರಿಯಲ್ಲಿ ಅರಳಿದ ಹೂಗಳಲ್ಲಿ ಅರ್ಧಕ್ಕೆ ಕೆಂಪು ದಾರ ಕಟ್ಟಿದೆ. ದಾರ ಕಟ್ಟಿದವುಗಳಿಗೆ ತಮ್ಮನ ಡ್ರಾಯಿಂಗ್ ಬ್ರಶ್‌ನಿಂದ ಪರಾಗ ಸವರುವುದು, ಉಳಿದವನ್ನು ಹಾಗೇ ಬಿಡುವುದು. ಪರಾಗ ಒಣಗಿ ಉದುರುವುದು ಬಿಸಿಲು ಏರಿದ ಮೇಲೆ, ಹತ್ತು ಗಂಟೆಯ ಸುಮಾರಿಗೆ. ಆ ಹೊತ್ತಿಗೆ ನಾನು ತರಗತಿಯಲ್ಲಿರುತ್ತೇನೆ. ಆದ್ದರಿಂದ ಕೆಲಸವನ್ನು ದಾದಿಗೆ ಒಪ್ಪಿಸಿದೆ.

ಫೆಬ್ರವರಿಯಲ್ಲಿ ಬಂದ ಹಣ್ಣುಗಳು ದಾರ ಇದ್ದವೂ ಇಲ್ಲದವೂ ಹೆಚ್ಚುಕಡಿಮೆ ಒಂದೇ ರೀತಿ ದುಂಡಗಿದ್ದವು. ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು. ದಾದಿಯನ್ನು ಕೇಳಿದಾಗ ಅವರು ಎಲ್ಲ ಹೂಗಳಿಗೂ ಬ್ರಶ್ ಸವರಿದ್ದು ತಿಳಿಯಿತು. "ದಾರ ಇಲ್ಲದ ಹೂಗಳು ಏನು ತಪ್ಪು ಮಾಡಿದ್ದವು?" ಎಂದು ಅವರೇ ನನ್ನನ್ನು ಕೇಳಿದರು. ಹೋಲಿಕೆಗೆ ಬಿಟ್ಟ ಗುಂಪು ಇಲ್ಲದಿದ್ದರೆ ಪ್ರಯೋಗವೇ ಇಲ್ಲ ಎಂಬುದನ್ನು ಅಂದು ದಾದಿಗೆ ವಿವರಿಸುತ್ತಾ ನಾನೂ ಸರಿಯಾಗಿ ಕಲಿತೆ. ಫೆಬ್ರವರಿ ಕೊನೆಯಲ್ಲಿ ಹತ್ತು ಹೂಗಳಿಗೆ ದಾರ ಕಟ್ಟಿ, ಹತ್ತನ್ನು ಬಿಟ್ಟು, ಮತ್ತೆ ಮೊದಲಿನಿಂದ ಶುರು ಮಾಡಿದೆವು. ಋತುವಿನ ಕೊನೆಯ ಹೂಗಳು ಅವು. ಇನ್ನೊಂದು ಅವಕಾಶ ಇರಲಿಲ್ಲ.

ನೀರಿಲ್ಲದ ಮಾರ್ಚ್

ಅಷ್ಟರಲ್ಲಿ ನೀರಿನ ಬರ ಬಂತು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು ಬಳಸಬಾರದೆಂದು ಆದೇಶ ಹೊರಡಿಸಿತು. ಮೀರಿದರೆ 5,000 ರೂಪಾಯಿ ದಂಡ. ಅಂದು ರಾತ್ರಿ ಅಬ್ಬಾ, "ಜನರಿಗೇ ನೀರಿಲ್ಲ. ಕುಂಡಗಳನ್ನು ತೆಗೆದುಬಿಡು" ಎಂದರು. ಅವರ ಮಾತು ತಪ್ಪೆಂದು ಹೇಳಲು ನನ್ನಲ್ಲಿ ಉತ್ತರವಿರಲಿಲ್ಲ. ಕುಂಡಗಳಲ್ಲಿ ಇಪ್ಪತ್ತು ಕಾಯಿಗಳಿದ್ದವು.

ದಾರಿ ತೋರಿಸಿದ್ದು ದಾದಿ. ಅವರು ವುಝೂ ಮಾಡುವ ಜಾಗದಲ್ಲಿ ಒಂದು ಬೇಸನ್ ಇಟ್ಟರು. ಸೋಪು ಬೀಳದ ಶುದ್ಧ ನೀರು ಅದು. ಅಳೆದು ನೋಡಿದೆ: ಒಮ್ಮೆಗೆ ಸುಮಾರು ಒಂದೂವರೆ ಲೀಟರ್, ದಿನಕ್ಕೆ ಐದು ಸಲ, ಒಟ್ಟು ಏಳೂವರೆ ಲೀಟರ್. ಐದು ಗಿಡಗಳಿಗೆ ಆ ಬಿಸಿಲಿನಲ್ಲಿ ಬೇಕಾದದ್ದು ಮೂರು ಲೀಟರ್. ಅದೇ ವಾರ ರಮಝಾನ್ ಶುರುವಾಯಿತು. ಅಕ್ಕಿ ಬೇಳೆ ತೊಳೆದ ನೀರನ್ನೂ ಅಮ್ಮಿ ಬಕೆಟ್‌ನಲ್ಲಿ ಎತ್ತಿಡತೊಡಗಿದರು. ನಲ್ಲಿಯಿಂದ ಒಂದು ಚೊಂಬು ನೀರನ್ನೂ ಗಿಡಕ್ಕೆ ಹಾಕಲಿಲ್ಲ. ಒಂದು ವಾರ ನೋಡಿದ ಮೇಲೆ ಅಬ್ಬಾ ತಾವೂ ಅದೇ ಬೇಸನ್ ಮುಂದೆ ಕೂತು ವುಝೂ ಮಾಡತೊಡಗಿದರು.

ಮಾರ್ಚ್ ಕೊನೆಗೆ ಫಲಿತಾಂಶ ಬಂತು. ಬ್ರಶ್ ಸವರಿದ ಹತ್ತರಲ್ಲಿ ಒಂದನ್ನು ಅಳಿಲು ತಿಂದಿತು, ಉಳಿದ ಒಂಬತ್ತರಲ್ಲಿ ಏಳು ದುಂಡಗಿದ್ದವು. ಸವರದ ಹತ್ತರಲ್ಲಿ ಮೂರು ಮಾತ್ರ. ಇಪ್ಪತ್ತು ಹೂಗಳ ಲೆಕ್ಕ ಬಹಳ ಚಿಕ್ಕದು. ಬೋರಾನ್ ಕೊರತೆಯಿಂದಲೂ ಕೀಟಗಳಿಂದಲೂ ಹಣ್ಣು ಸೊಟ್ಟಗಾಗುತ್ತದೆ ಎಂಬುದನ್ನೂ ಮರೆಯಬಾರದು. ಆದರೂ ಭೂತಗನ್ನಡಿಯಲ್ಲಿ ಕಂಡದ್ದಕ್ಕೂ ಈ ಲೆಕ್ಕಕ್ಕೂ ತಾಳೆಯಾಯಿತು. ಆ ಏಳು ಹಣ್ಣುಗಳಿಂದ ನಾವು ಒಂದು ಸಂಜೆ ಇಫ್ತಾರ್ ಮಾಡಿದೆವು. ಅಬ್ಬಾ ಮೊದಲ ಹಣ್ಣನ್ನು ದಾದಿಗೆ ಕೊಟ್ಟರು.

ನಮ್ಮ ವಯಸ್ಸಿನ ಒಬ್ಬ ಸಂಶೋಧಕ

ಪರಾಗ ತಲುಪದೆ ಸೋತವನು ನಾನೊಬ್ಬನೇ ಅಲ್ಲ ಎಂದು ಆಮೇಲೆ ಓದಿ ತಿಳಿದೆ. ಫ್ರಾನ್ಸಿನ ಸೇನಾ ಎಂಜಿನಿಯರ್ ಅಮೆದೆ ಫ್ರೆಝಿಯೆ 1714ರಲ್ಲಿ ಚಿಲಿ ದೇಶದಿಂದ ದೊಡ್ಡ ಹಣ್ಣಿನ ಸ್ಟ್ರಾಬೆರಿ ಗಿಡಗಳನ್ನು ತಂದನು. ಅವು ಹೆಣ್ಣು ಗಿಡಗಳಾಗಿದ್ದರಿಂದ ಫ್ರಾನ್ಸಿನಲ್ಲಿ ಒಂಟಿಯಾಗಿ ಹಣ್ಣು ಕೊಡಲಿಲ್ಲ. ಉತ್ತರ ಅಮೆರಿಕದ ವರ್ಜೀನಿಯಾ ಸ್ಟ್ರಾಬೆರಿಯ ಪಕ್ಕದಲ್ಲಿ ಬೆಳೆದಾಗ ಅದರ ಪರಾಗದಿಂದ ಫಲಿಸಿದವು. ಎರಡರಲ್ಲೂ 56 ಕ್ರೋಮೋಸೋಮ್‌ಗಳಿರುವುದರಿಂದ ಈ ಕೂಡುವಿಕೆ ಸಾಧ್ಯವಾಯಿತು. ಇಂದು ನಾವು ತಿನ್ನುವ ಸ್ಟ್ರಾಬೆರಿ ಆ ಎರಡರ ಸಂತಾನ. ಇದನ್ನು 1766ರಲ್ಲಿ ಪುಸ್ತಕ ಬರೆದು ವಿವರಿಸಿದವನು ಆಂಟ್ವಾನ್ ನಿಕೊಲಾ ಡ್ಯುಶೆನ್. ಅವನು ಹುಟ್ಟಿದ್ದು 1747ರಲ್ಲಿ, ಅಂದರೆ ಪುಸ್ತಕ ಬಂದಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಅದೇ ದಶಕದಲ್ಲಿ, 1760ರಲ್ಲಿ, ನಮ್ಮೂರಿನಲ್ಲಿ ಹೈದರ್ ಅಲಿ ಲಾಲ್‌ಬಾಗ್ ತೋಟಕ್ಕೆ ನಾಂದಿ ಹಾಡಿದ್ದರು.

ಒಂದರಿಂದ ಹಲವು

ಏಪ್ರಿಲ್ ಕಠಿಣವಾಗಿತ್ತು. ಬೆಂಗಳೂರಿನ ಉಷ್ಣತೆ 38 ಡಿಗ್ರಿ ದಾಟಿತು. ಹಳೆಯ ಬಿಳಿ ಪಂಚೆಯನ್ನು ನೆರಳಿಗೆ ಕಟ್ಟಿದರೂ ಮೂರು ಗಿಡಗಳು ಒಣಗಿದವು. ಉಳಿದ ಎರಡು, ಮೇ ತಿಂಗಳ ಮಳೆ ಬಿದ್ದ ಮೇಲೆ, ಉದ್ದನೆಯ ಎಳೆಗಳನ್ನು ಚಾಚಿದವು. ಇವೇ ರನ್ನರ್‌ಗಳು. ಹಗಲು ದೊಡ್ಡದಾಗಿ ಬೆಚ್ಚಗಿರುವಾಗ ಈ ಗಿಡ ಹೂವಿನ ಬದಲು ರನ್ನರ್ ಬಿಡುತ್ತದೆ. ಎಳೆಯ ಗಿಣ್ಣನ್ನು ಪಕ್ಕದ ಚಿಕ್ಕ ಕುಂಡದ ಮಣ್ಣಿಗೆ ತಾಗಿಸಿ, ಬಗ್ಗಿಸಿದ ತಂತಿಯಿಂದ ಒತ್ತಿ ನಿಲ್ಲಿಸಿದೆ. ಮೂರು ನಾಲ್ಕು ವಾರದಲ್ಲಿ ಬೇರು ಹಿಡಿದ ಮೇಲೆ ಎಳೆಯನ್ನು ಕತ್ತರಿಸಿದೆ. ಇದು ನಿರ್ಲಿಂಗ ಸಂತಾನೋತ್ಪತ್ತಿ, ಮರಿ ಗಿಡ ತಾಯಿಯ ತದ್ರೂಪು. ಬೀಜ ಬಿತ್ತಿದರೆ ತಾಯಿಯ ಗುಣ ಹಾಗೇ ಬರುವುದಿಲ್ಲ.

ಈಗ ನಮ್ಮ ತಾರಸಿಯಲ್ಲಿ ಹನ್ನೊಂದು ಮರಿ ಗಿಡಗಳಿವೆ.

ನೆನಪಿಡಬೇಕಾದ ಅಂಶಗಳು

1. ಬೆಂಗಳೂರಿನಲ್ಲಿ ನೆಡುವ ಕಾಲ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್.
2. ಕ್ರೌನ್ ಮಣ್ಣಿನ ಮಟ್ಟದಲ್ಲಿರಲಿ.
3. ಹೂ ಅರಳಿದ ಮೇಲೆ ಮೂರು ದಿನ, ಬೆಳಿಗ್ಗೆ ಹತ್ತರ ಸುಮಾರಿಗೆ, ಮೆತ್ತನೆಯ ಬ್ರಶ್ಶನ್ನು ಹೂವಿನ ಸುತ್ತಲೂ ಆಡಿಸಿ.
4. ಕಿತ್ತ ಮೇಲೆ ಸ್ಟ್ರಾಬೆರಿ ಮಾಗುವುದಿಲ್ಲ. ಪೂರ್ತಿ ಕೆಂಪಾದ ಮೇಲೆಯೇ ಕೀಳಿ.
5. ಸೊಟ್ಟ ಹಣ್ಣು ಕಂಡರೆ ಔಷಧಿ ತರುವ ಮೊದಲು ಬೀಜಗಳನ್ನು ನೋಡಿ.

ಹನ್ನೊಂದರಲ್ಲಿ ಮೂರನ್ನು ಮನೆಗೆ ಇಟ್ಟುಕೊಂಡು ಎಂಟನ್ನು ಅಕ್ಟೋಬರ್ ಮೊದಲ ವಾರ ಕಾಲೇಜಿಗೆ ತರುತ್ತೇನೆ. ಬೇಕಾದವರು ತಳದಲ್ಲಿ ತೂತಿರುವ ಕುಂಡದೊಂದಿಗೆ ತರಗತಿ ಮುಗಿದ ಮೇಲೆ ಜೀವಶಾಸ್ತ್ರ ಪ್ರಯೋಗಾಲಯಕ್ಕೆ ಬನ್ನಿ. ಒಂದೇ ಷರತ್ತು: ಕೆಲವು ಹೂಗಳಿಗೆ ದಾರ ಕಟ್ಟಿ ಲೆಕ್ಕ ಬರೆದಿಡಬೇಕು. ಒಬ್ಬೊಬ್ಬರು ಇಪ್ಪತ್ತು ಹೂ ಎಣಿಸಿದರೂ ಎಂಟು ಮನೆಗಳಿಂದ ನೂರ ಅರವತ್ತು ಹೂಗಳ ಲೆಕ್ಕ ಸಿಗುತ್ತದೆ. ಮನೆಯಲ್ಲಿ ದಾದಿ, ನಾನಿ ಇದ್ದರೆ ದಾರದ ಅರ್ಥವನ್ನು ಮೊದಲೇ ಹೇಳಿಬಿಡಿ.

— ದ್ವಿತೀಯ ಪಿಯುಸಿ ವಿದ್ಯಾರ್ಥಿ, ವಿಜ್ಞಾನ ವಿಭಾಗ