ಸವಕಳಿ: ಎಣ್ಣೆಯ ಡ್ರಮ್ಮಿನಲ್ಲಿ ಒಂದು ಲೋಟ ನೀರು

ವಾಣಿಜ್ಯ ವಿಭಾಗದ ಹುಡುಗಿಗೆ ಗೇರ್ ಆಯಿಲ್, ಬೇರಿಂಗ್‌ಗಳ ಉಸಾಬರಿ ಏಕೆ ಎಂದು ವಿಜ್ಞಾನ ವಿಭಾಗದ ಗೆಳತಿಯರು ಕೇಳಬಹುದು. ಈ ಉಸಾಬರಿ ನನಗೆ ಲೆಕ್ಕದ ಪುಸ್ತಕದಿಂದಲೇ ಬಂತು. ಹುಲಿಕೆರೆಯಲ್ಲಿ ನನ್ನ ಮಾಮು, ಅಂದರೆ ಸೋದರಮಾವ, ಟ್ರ್ಯಾಕ್ಟರ್ ಇಟ್ಟುಕೊಂಡು ಬಾಡಿಗೆಗೆ ಉಳುಮೆ ಮಾಡಿಸುತ್ತಾರೆ. ಅದರ ಜಮಾ-ಖರ್ಚು ಬರೆಯುವುದು ನನ್ನ ಕೆಲಸ. ಸಣ್ಣ ಡಬ್ಬಿಗಳಲ್ಲಿ ಎಣ್ಣೆ ಕೊಳ್ಳುವ ಬದಲು ಮೂವರು ಟ್ರ್ಯಾಕ್ಟರ್ ಮಾಲೀಕರು ಸೇರಿ 210 ಲೀಟರಿನ ಒಂದು ಡ್ರಮ್ ತಂದರೆ ಲೀಟರಿಗೆ ಅಗ್ಗ ಬೀಳುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದವಳು ನಾನೇ. ಮಾಮು ಒಪ್ಪಿದರು. ಡ್ರಮ್ ಬಂದು ಮನೆಯ ಹಿಂದೆ ಬಯಲಿನಲ್ಲಿ ನಿಂತಿತು. ಆಮೇಲೆ ಮಳೆಗಾಲ ಬಂತು.

ಮಳೆ ಹಿಡಿದ ಮೇಲೆ ಆ ಡ್ರಮ್ಮಿನಿಂದ ಟ್ರ್ಯಾಕ್ಟರಿಗೆ ಎಣ್ಣೆ ಬದಲಿಸಿದರು. ಕೆಲವು ವಾರಗಳಲ್ಲಿ ಗೇರ್ ಬಾಕ್ಸ್ ಗೊರಗುಟ್ಟಲು ಶುರುವಾಯಿತು. ಡಿಪ್‌ಸ್ಟಿಕ್ ಎಳೆದು ನೋಡಿದರೆ ಎಣ್ಣೆ ಹಾಲು ಹೆಚ್ಚಾದ ಚಹಾದ ಬಣ್ಣಕ್ಕೆ ತಿರುಗಿತ್ತು. ಡ್ರೈವರಣ್ಣ ಗಾಡಿಯನ್ನು ಕೆರೆಗೆ ಇಳಿಸಿ ತೊಳೆದಿದ್ದಾರೆ ಎಂದು ಎಲ್ಲರೂ ಅವರ ಮೇಲೆಯೇ ಹೇಳಿದರು. ಅವರು ಇಲ್ಲ ಎಂದರೂ ಯಾರೂ ನಂಬಲಿಲ್ಲ. ಮೆಕ್ಯಾನಿಕ್ ಮಾತ್ರ ಏನೂ ಹೇಳದೆ ಡ್ರಮ್ಮಿನ ತಳದಿಂದ ಒಂದು ಬಾಟಲಿ ಎಣ್ಣೆ ತೆಗೆದು ಕಿಟಕಿಯಲ್ಲಿ ಇಟ್ಟರು. ಬೆಳಿಗ್ಗೆ ನೋಡಿದಾಗ ಬಾಟಲಿಯ ಅಡಿಯಲ್ಲಿ ಎರಡು ಬೆರಳಿನಷ್ಟು ನೀರು ಬೇರೆಯಾಗಿ ನಿಂತಿತ್ತು.

ಮುಚ್ಚಳ ಬಿಗಿದ ಡ್ರಮ್ಮಿಗೆ ನೀರು ಹೋದದ್ದು ಹೇಗೆ? ನನಗೆ ಮೊದಲು ಹೊಳೆದ ಪ್ರಶ್ನೆ ಇದು. ಉತ್ತರ ಸರಳವಾಗಿದೆ. ನೆಟ್ಟಗೆ ನಿಲ್ಲಿಸಿದ ಡ್ರಮ್ಮಿನ ತಲೆಯ ಮೇಲೆ ಅಂಚಿನೊಳಗೆ ಮಳೆನೀರು ತಟ್ಟೆಯಲ್ಲಿ ನಿಂತಂತೆ ನಿಲ್ಲುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಮತ್ತು ಎಣ್ಣೆ ಹಿಗ್ಗುತ್ತವೆ, ಸ್ವಲ್ಪ ಗಾಳಿ ಮುಚ್ಚಳದ ಸಂದಿನಿಂದ ಹೊರಗೆ ಹೋಗುತ್ತದೆ. ಸಂಜೆ ಮಳೆ ಬಿದ್ದು ತಣ್ಣಗಾದಾಗ ಒಳಗೆ ಒತ್ತಡ ಕಡಿಮೆಯಾಗಿ ಡ್ರಮ್ ಉಸಿರು ಎಳೆದುಕೊಳ್ಳುತ್ತದೆ. ಆಗ ಗಾಳಿಯ ಬದಲು ಮುಚ್ಚಳದ ಸುತ್ತ ನಿಂತ ನೀರು ಒಳಗೆ ಹೋಗುತ್ತದೆ. ನೀರು ಎಣ್ಣೆಗಿಂತ ಭಾರ, ಆದ್ದರಿಂದ ತಳಕ್ಕೆ ಇಳಿಯುತ್ತದೆ. ನಮ್ಮ ಕೈಪಂಪಿನ ಕೊಳವೆ ತಳದವರೆಗೂ ಇತ್ತು. ಹೀಗಾಗಿ ಮೊದಲು ಟ್ರ್ಯಾಕ್ಟರಿಗೆ ಹೋದದ್ದೇ ನೀರು ಬೆರೆತ ಭಾಗ.

ಎಣ್ಣೆಯಲ್ಲಿ ನೀರು ಮೂರು ರೂಪದಲ್ಲಿ ಇರುತ್ತದೆ. ಮೊದಲನೆಯದು ಕರಗಿದ ನೀರು, ಕಣ್ಣಿಗೆ ಕಾಣುವುದಿಲ್ಲ. ಎಣ್ಣೆ ಹಿಡಿದಿಟ್ಟುಕೊಳ್ಳುವಷ್ಟಕ್ಕಿಂತ ಹೆಚ್ಚಾದರೆ ಅದು ಸಣ್ಣ ಹನಿಗಳಾಗಿ ಬೆರೆತು ಎಣ್ಣೆಯನ್ನು ಹಾಲಿನಂತೆ ಮಬ್ಬಾಗಿಸುತ್ತದೆ. ಇದು ಎರಡನೆಯದು. ಮೂರನೆಯದು ಬೇರೆಯಾಗಿ ತಳದಲ್ಲಿ ನಿಲ್ಲುವ ನೀರು. ಬಿಸಿ ಎಣ್ಣೆ ಹೆಚ್ಚು ನೀರನ್ನು ಕರಗಿಸಿಕೊಳ್ಳುತ್ತದೆ. ಗಾಡಿ ನಿಲ್ಲಿಸಿ ತಣ್ಣಗಾದ ಮೇಲೆ ಅದೇ ನೀರು ಹನಿಗಳಾಗಿ ಹೊರಬರುತ್ತದೆ.

ಈಗ ಲೋಹದ ವಿಷಯ. ಬೇರಿಂಗಿನಲ್ಲಿ ರೋಲರ್ ಮತ್ತು ಅದು ಉರುಳುವ ಕಪ್ ಒಂದನ್ನೊಂದು ಮುಟ್ಟಬಾರದು. ಅವುಗಳ ನಡುವೆ ಎಣ್ಣೆಯ ಪೊರೆ ಇರಬೇಕು. ಆ ಪೊರೆ ಹಲವು ಕಡೆ ಒಂದು ಮೈಕ್ರಾನಿಗಿಂತಲೂ ತೆಳು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ ಎಂದರೆ ಲೆಕ್ಕ ಹಾಕಿಕೊಳ್ಳಿ. ಇಷ್ಟು ತೆಳುವಾದ ಪೊರೆ ಅಷ್ಟು ಭಾರ ಹೊರಲು ಕಾರಣ ಎಣ್ಣೆಯ ಒಂದು ಗುಣ. ಒತ್ತಡ ಹೆಚ್ಚಿದಂತೆ ಎಣ್ಣೆ ಬಹಳ ಗಟ್ಟಿಯಾಗುತ್ತದೆ. ನೀರಿಗೆ ಆ ಗುಣ ಇಲ್ಲ. ಒತ್ತಿದ ಜಾಗಕ್ಕೆ ನೀರಿನ ಹನಿ ಸಿಕ್ಕಿದರೆ ಪೊರೆ ಅಲ್ಲಿ ಸೋಲುತ್ತದೆ, ಲೋಹಕ್ಕೆ ಲೋಹ ತಾಗುತ್ತದೆ.

ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ನೀರಿನಿಂದ ತುಕ್ಕು ಹಿಡಿಯುತ್ತದೆ. ತುಕ್ಕಿನ ಪುಡಿ ಎಣ್ಣೆಯೊಂದಿಗೆ ತಿರುಗುತ್ತಾ ಉಪ್ಪುಕಾಗದದಂತೆ ಹಲ್ಲು, ರೋಲರುಗಳನ್ನು ಉಜ್ಜುತ್ತದೆ. ಸವೆತ ತಡೆಯಲು ಎಣ್ಣೆಗೆ ಸೇರಿಸಿರುವ ರಾಸಾಯನಿಕಗಳಲ್ಲಿ ಕೆಲವು ನೀರಿನಿಂದ ಒಡೆದುಹೋಗುತ್ತವೆ. ಎಣ್ಣೆಯೂ ಬೇಗ ಹಳಸಿ ಆಮ್ಲವಾಗುತ್ತದೆ. ಉಕ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇದ್ದರೆ ನೀರಿನಿಂದ ಬಿಡುಗಡೆಯಾದ ಹೈಡ್ರೋಜನ್ ಅಲ್ಲಿ ಉಕ್ಕಿನೊಳಗೆ ಸೇರಿ ಅದನ್ನು ಪೆಡಸು ಮಾಡುತ್ತದೆ. ಆಗ ಬಿರುಕು ಬೇಗ ಬೆಳೆದು ಮೇಲ್ಮೈಯಿಂದ ಚಕ್ಕೆ ಏಳುತ್ತದೆ. ನಮ್ಮ ಟ್ರ್ಯಾಕ್ಟರಿನಿಂದ ಬಿಚ್ಚಿದ ಬೇರಿಂಗಿನ ಕಪ್ಪಿನಲ್ಲಿ ಸಿಡುಬಿನ ಕಲೆಯಂತಹ ಗುಳಿಗಳು ಇದ್ದವು. ಸದ್ದು ಬಂದದ್ದು ಅಲ್ಲಿಂದಲೇ.

ಎಷ್ಟು ನೀರು ಇದ್ದರೆ ಎಷ್ಟು ನಷ್ಟ? ಇದಕ್ಕೆ 1977ರಲ್ಲಿ ಅಮೆರಿಕದ ಆರ್. ಇ. ಕ್ಯಾಂಟ್ಲಿ ಎಂಬವರು ಟೇಪರ್ ರೋಲರ್ ಬೇರಿಂಗ್‌ಗಳ ಮೇಲೆ ಪರೀಕ್ಷೆ ಮಾಡಿ ಪ್ರಕಟಿಸಿದ ಫಲಿತಾಂಶ ಇಂದಿಗೂ ಉಪಯೋಗದಲ್ಲಿದೆ. ನೀರನ್ನು ಪಿಪಿಎಂನಲ್ಲಿ, ಅಂದರೆ ಹತ್ತು ಲಕ್ಷದಲ್ಲಿ ಎಷ್ಟು ಪಾಲು ಎಂದು ಅಳೆಯುತ್ತಾರೆ. 100 ಪಿಪಿಎಂ ನೀರಿದ್ದಾಗ ಬೇರಿಂಗಿನ ಆಯುಷ್ಯ 1 ಎಂದು ಇಟ್ಟುಕೊಂಡರೆ, 25 ಪಿಪಿಎಂಗೆ ಅದು ಸುಮಾರು 2.3 ಆಗುತ್ತದೆ, 400 ಪಿಪಿಎಂಗೆ ಸುಮಾರು 0.44ಕ್ಕೆ ಇಳಿಯುತ್ತದೆ. 210 ಲೀಟರ್ ಡ್ರಮ್ಮಿನಲ್ಲಿ 400 ಪಿಪಿಎಂ ಎಂದರೆ ಸುಮಾರು 84 ಮಿಲಿಲೀಟರ್. ಹೋಟೆಲಿನ ಒಂದು ಸಣ್ಣ ಲೋಟ ಚಹಾದಷ್ಟು! ಎಲ್ಲಾ ಯಂತ್ರಗಳಿಗೂ ಇದೇ ಅಂಕಿ ಹೊಂದುವುದಿಲ್ಲ, ಆದರೆ ಲೆಕ್ಕ ಹೋಗುವ ದಿಕ್ಕು ಇದೇ.

ಇಲ್ಲಿ ನಮ್ಮ ಲೆಕ್ಕಶಾಸ್ತ್ರ ಬರುತ್ತದೆ. ಆಸ್ತಿಯ ಬೆಲೆ ವರ್ಷವರ್ಷಕ್ಕೆ ಇಳಿಯುವುದನ್ನು ನಮ್ಮ ಪುಸ್ತಕದಲ್ಲಿ ಸವಕಳಿ ಎನ್ನುತ್ತಾರೆ. ಅದನ್ನು ಬರೀ ಪುಸ್ತಕದ ನಮೂದು ಎಂದು ತಿಳಿದಿದ್ದೆ. ಆ ಪದದ ನಿಜವಾದ ಅರ್ಥ ಸವೆಯುವುದು ಎಂದು ಆ ಗುಳಿಬಿದ್ದ ಕಪ್ಪನ್ನು ಕೈಯಲ್ಲಿ ಹಿಡಿದಾಗ ತಿಳಿಯಿತು. ಒಂದು ಉದಾಹರಣೆ ನೋಡೋಣ. 8,800 ರೂಪಾಯಿಯ ಬೇರಿಂಗ್ ಸೆಟ್ಟು 10 ವರ್ಷ ಬಾಳುತ್ತದೆ, ಗುಜರಿ ಮೌಲ್ಯ ಸೊನ್ನೆ ಎಂದುಕೊಳ್ಳಿ. ಸ್ಥಿರ ಕಂತಿನ ಪದ್ಧತಿಯಲ್ಲಿ ವರ್ಷದ ಸವಕಳಿ 880 ರೂಪಾಯಿ. ಆಯುಷ್ಯ 4.4 ವರ್ಷಕ್ಕೆ ಇಳಿದರೆ ಅದೇ ಸವಕಳಿ 2,000 ರೂಪಾಯಿ ಆಗುತ್ತದೆ. ಇದರಲ್ಲಿ ಬಿಚ್ಚಿ ಜೋಡಿಸುವ ಕೂಲಿ ಸೇರಿಲ್ಲ, ಉಳುಮೆಯ ಹಂಗಾಮಿನಲ್ಲಿ ಗಾಡಿ ನಿಂತ ದಿನಗಳ ಬಾಡಿಗೆ ನಷ್ಟವೂ ಸೇರಿಲ್ಲ. ನಮ್ಮ ಗಾಡಿ ಹನ್ನೊಂದು ದಿನ ನಿಂತಿತ್ತು. ಡ್ರಮ್ ಕೊಂಡು ನಾವು ಉಳಿಸಿದ್ದು ನೂರರ ಲೆಕ್ಕ, ಕಳೆದದ್ದು ಸಾವಿರದ ಲೆಕ್ಕ.

ಇದು ಒಂದು ಮನೆಯ ಕಥೆಯಲ್ಲ. 1966ರಲ್ಲಿ ಬ್ರಿಟನ್ನಿನಲ್ಲಿ ಪೀಟರ್ ಜೋಸ್ಟ್ ಅವರ ಸಮಿತಿ ಒಂದು ವರದಿ ಕೊಟ್ಟಿತು. ಉಜ್ಜುವಿಕೆ, ಸವೆತ, ಎಣ್ಣೆ ಹಾಕುವಿಕೆಯ ಬಗ್ಗೆ ಸರಿಯಾಗಿ ಗಮನ ಕೊಟ್ಟರೆ ಆ ದೇಶಕ್ಕೆ ವರ್ಷಕ್ಕೆ 51.5 ಕೋಟಿ ಪೌಂಡ್ ಉಳಿಯುತ್ತದೆ ಎಂದು ಅದು ಅಂದಾಜು ಮಾಡಿತು. ಈ ಶಾಸ್ತ್ರಕ್ಕೆ ಟ್ರೈಬಾಲಜಿ ಎಂಬ ಹೆಸರು ಬಂದದ್ದು ಆ ವರದಿಯಿಂದ. ನಮ್ಮ ಹಿರಿಯರಿಗೂ ಇದರ ಬೆಲೆ ಗೊತ್ತಿತ್ತು, ಕೀಲೆಣ್ಣೆ ಹಾಕದೆ ಎತ್ತಿನ ಗಾಡಿ ಹೂಡುತ್ತಿರಲಿಲ್ಲ. ಅರಸೀಕೆರೆ ಜಂಕ್ಷನ್ನಿನಲ್ಲಿ ಇಂದು ನಿಲ್ಲುವ ಗೂಡ್ಸ್ ವ್ಯಾಗನ್‌ಗಳ ಚಕ್ರಗಳಿಗೆ ಸೀಲ್ ಮಾಡಿದ ರೋಲರ್ ಬೇರಿಂಗ್‌ಗಳಿವೆ. ಹಳೆಯ ಕಾಲದ ವ್ಯಾಗನ್‌ಗಳಲ್ಲಿ ಅಚ್ಚಿನ ಪೆಟ್ಟಿಗೆಯೊಳಗೆ ಎಣ್ಣೆಯಲ್ಲಿ ನೆನೆಸಿದ ನೂಲಿನ ವೇಸ್ಟ್ ತುಂಬುತ್ತಿದ್ದರು. ಅದಕ್ಕೆ ನೀರು ಸೇರಿದರೆ ಅಚ್ಚಿಗೆ ಎಣ್ಣೆ ಏರದೆ ಅದು ಕಾಯುತ್ತಿತ್ತು. ರೈಲ್ವೆಯವರು ಹಾಟ್ ಆಕ್ಸಲ್ ಎಂದು ಹೆದರುವುದು ಹೀಗೆ ಅಚ್ಚು ಕಾಯುವುದಕ್ಕೇ.

ಹಾಗಾದರೆ ಬೋರ್‌ವೆಲ್ಲಿನ ಸಬ್‌ಮರ್ಸಿಬಲ್ ಮೋಟರ್ ನೀರಿನೊಳಗೇ ತಿರುಗುತ್ತದಲ್ಲ ಎಂದು ನೀವು ಕೇಳಬಹುದು. ನಾನೂ ಮೆಕ್ಯಾನಿಕ್ಕರನ್ನು ಕೇಳಿದೆ. ಅಲ್ಲಿ ಹಲವು ಮೋಟರುಗಳ ಒಳಗೆ ನೀರನ್ನೇ ತುಂಬಿರುತ್ತಾರೆ, ಅದಕ್ಕೆ ತಕ್ಕಂತೆ ಕಾರ್ಬನ್ ಬೇರಿಂಗ್ ಹಾಕಿರುತ್ತಾರೆ. ಎಣ್ಣೆ ತುಂಬಿದ ಮೋಟರಿಗೆ ಸೀಲ್ ಹೋಗಿ ನೀರು ಸೇರಿದರೆ ಅದಕ್ಕೂ ಇದೇ ಗತಿ. ನೀರಿಗಾಗಿ ಮಾಡಿದ್ದಕ್ಕೆ ನೀರು, ಎಣ್ಣೆಗಾಗಿ ಮಾಡಿದ್ದಕ್ಕೆ ಎಣ್ಣೆ.

ನೀರು ಇದೆಯೇ ಎಂದು ತಿಳಿಯಲು ಪ್ರಯೋಗಾಲಯದಲ್ಲಿ ಕಾರ್ಲ್ ಫಿಷರ್ ವಿಧಾನ ಇದೆ. ವರ್ಕ್‌ಶಾಪಿನಲ್ಲಿ ಸುಲಭ ದಾರಿ ಇನ್ನೊಂದಿದೆ. ನಮ್ಮ ಮನೆಯಲ್ಲಿ ಬಘಾರ್, ನಿಮ್ಮ ಮನೆಯಲ್ಲಿ ಒಗ್ಗರಣೆ. ಒದ್ದೆ ಕರಿಬೇವು ಬಿದ್ದರೆ ಕಾದ ಎಣ್ಣೆ ಚಟಪಟ ಎನ್ನುವುದು ನೀರು ಥಟ್ಟನೆ ಆವಿಯಾಗುವುದರಿಂದ. ಸುಮಾರು 150 ಡಿಗ್ರಿಗೆ ಕಾದ ಕಬ್ಬಿಣದ ತಟ್ಟೆಯ ಮೇಲೆ ಗೇರ್ ಆಯಿಲಿನ ಎರಡು ಹನಿ ಬಿಟ್ಟಾಗ ಗುಳ್ಳೆ ಎದ್ದು ಚಟಪಟ ಎಂದರೆ ನೀರಿದೆ ಎಂದರ್ಥ. ಸದ್ದು ಬರದಿದ್ದರೂ ಸ್ವಲ್ಪ ನೀರು ಇರಬಹುದು. ಇದನ್ನು ಕನ್ನಡಕ ಹಾಕಿಕೊಂಡು ದೊಡ್ಡವರೇ ಮಾಡಬೇಕು, ಅಡುಗೆಮನೆಯಲ್ಲಿ ಮಾಡಬಾರದು.

ಮನೆಯಲ್ಲಿ ಟ್ರ್ಯಾಕ್ಟರ್, ಟಿಲ್ಲರ್ ಇರುವವರು ಇಷ್ಟು ಪಾಲಿಸಿದರೆ ಸಾಕು. ಡ್ರಮ್ಮನ್ನು ಸೂರಿನ ಕೆಳಗೆ ಇಡಿ. ಹೊರಗೇ ಇಡಬೇಕಾದರೆ ಮಲಗಿಸಿ, ಎರಡೂ ಮುಚ್ಚಳ ಗಡಿಯಾರದ 3 ಮತ್ತು 9ರ ಜಾಗದಲ್ಲಿ ಇರಲಿ, ಆಗ ಅವು ಎಣ್ಣೆಯ ಮಟ್ಟದ ಕೆಳಗೆ ಇರುತ್ತವೆ. ಪಂಪಿನ ಕೊಳವೆ ತಳಕ್ಕೆ ತಾಗದಿರಲಿ. ಗಾಡಿ ತೊಳೆಯುವಾಗ ಗೇರ್ ಬಾಕ್ಸಿನ ಬ್ರೀದರ್ ಮತ್ತು ಸೀಲ್‌ಗಳಿಗೆ ನೇರವಾಗಿ ನೀರು ಹೊಡೆಯಬೇಡಿ. ಬಿಸಿಯಾದ ಗಾಡಿಯನ್ನು ತಕ್ಷಣ ತೊಳೆದರೆ ಅದೂ ಡ್ರಮ್ಮಿನ ಹಾಗೆ ಉಸಿರು ಎಳೆದುಕೊಳ್ಳುತ್ತದೆ. ಹಾಳಾದ ಎಣ್ಣೆಯನ್ನು ಕೆರೆಗೋ ಚರಂಡಿಗೋ ಸುರಿಯದೆ ಹಳೆ ಎಣ್ಣೆ ತೆಗೆದುಕೊಳ್ಳಲು ಪರವಾನಗಿ ಇರುವವರಿಗೆ ಕೊಡಿ.

ಬಾಟಲಿಯಲ್ಲಿ ನೀರು ಕಂಡ ದಿನ ಮಾಮು ಡ್ರೈವರಣ್ಣನ ಮನೆಗೆ ಹೋಗಿ ಮಾಫಿ ಕೇಳಿದರು. ನಾನೂ ಜೊತೆಗೆ ಹೋಗಿದ್ದೆ. ಡ್ರಮ್ ತರಿಸಿದ್ದು ನನ್ನ ಲೆಕ್ಕ, ಅದನ್ನು ಎಲ್ಲಿ ಇಡಬೇಕು ಎಂದು ನಾನು ಯೋಚಿಸಿರಲಿಲ್ಲ ಎಂದು ಹೇಳಿದೆ. ಅವರು ನಕ್ಕು ಚಹಾ ಕೊಟ್ಟರು. ಉಳಿದ ಇಬ್ಬರು ಮಾಲೀಕರು ಅಷ್ಟರಲ್ಲಿ ಡ್ರಮ್ಮಿನಿಂದ ಎಣ್ಣೆ ತೆಗೆದಿರಲಿಲ್ಲ, ಅವರ ಗಾಡಿಗಳು ಉಳಿದವು. ಈಗ ನನ್ನ ಪುಸ್ತಕದಲ್ಲಿ ಖರೀದಿ ಬೆಲೆಯ ಪಕ್ಕದಲ್ಲಿ ಇನ್ನೊಂದು ಅಂಕಣ ಇದೆ: ಸರಕನ್ನು ಎಲ್ಲಿ, ಹೇಗೆ ಇಟ್ಟಿದೆ ಎಂದು.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ